ಕೋರೆಯೊಳಗಿನ ಪಟ್ಟೆ

ಜನ್ಮವಿಲ್ಲದ, ಕುಲವಿಲ್ಲದ, ಇಂಥದೇ ಊರೆಂಬುದಿಲ್ಲದ ಪರಮಾತ್ಮನಿಗೆ ನಮಿಸಿ ಹೇಳುತ್ತೇನೆ.

“ಬೇವರ್ಸಿ ಬಂಗಾಳಿಗಳು. ಬದುಕಿದ್ದಾಗ ಊರು ತುಂಬಿಸಿದ್ದು ಸಾಲದು, ಸತ್ತ ಮೇಲೆ ನಮ್ಮ ಸ್ಮಶಾನವೂ ಬೇಕಾ ನಿಮಗೆ?”

ಗೇಟಿಗೆ ಅಡ್ಡ ನಿಂತು ಬೈಯುತ್ತಿದ್ದವನು ಧರ್ಣಪ್ಪ. ಸ್ಮಶಾನ ಸಮಿತಿಗೆ ಅಧ್ಯಕ್ಷ, ಕನ್ಯಾನದಾಚೆಯ ಕೆಂಪುಕಲ್ಲಿನ ಕೋರೆಗೆ ಧಣಿ. ಪಿಕಪ್ಪಿನಲ್ಲಿ ಹೆಣವಾಗಿ ಮಲಗಿದ್ದ ಎತವಾ ಮುಂಡಾ ಆ ಕೋರೆಯಲ್ಲಿ ನಾಲ್ಕು ವರ್ಷ ಕಲ್ಲು ಕಡಿದವನು. ರಜೆ ಸಿಗದೆ ಮೂರು ದಿನ ಜ್ವರದಲ್ಲೇ ಯಂತ್ರ ನಡೆಸಿ, ಈ ಬೆಳಿಗ್ಗೆ ಅದರ ಪಕ್ಕದಲ್ಲೇ ಕುಸಿದಿದ್ದ.

“ನಾವು ಬಂಗಾಳಿ ಅಲ್ಲ ಧಣಿ, ಝಾರ್ಖಂಡ್,” ಎಂದಳು ಅವನ ಹೆಂಡತಿ ಸುಕುರ್ಮಣಿ.

“ಅಸ್ಸಾಮು, ಬಿಹಾರ, ಒರಿಸ್ಸಾ, ಎಲ್ಲ ಒಂದೇ. ಆದಿತ್ಯವಾರ ಬಂಟ್ವಾಳ ಪೇಟೆಯಲ್ಲಿ ನಮಗೇ ನಿಲ್ಲಲಿಕ್ಕೆ ಜಾಗ ಇಲ್ಲ. ಜಾತಿ ಎಂತದು?”

“ಮುಂಡಾ.”

“ಮುಂಡೆಯಾ? ಅದು ಇವತ್ತಿನಿಂದ ನೀನು.”

ಸಮಿತಿಯವರು ನಕ್ಕರು.

“ಧರ್ಣಪ್ಪಣ್ಣ, ಪಾಪದವರು. ಎಲ್ಲಿಯಾದರೂ ಒಂದು ಮೂಲೆಯಲ್ಲಿ…” ಎಂದ ಧಣಿಯ ಪಿಕಪ್ಪನ್ನೂ ಜೇಸಿಬಿಯನ್ನೂ ಓಡಿಸುವ ಉನೈಸ್.

“ನಿಮ್ಮ ಪಳ್ಳಿಯ ಕಬರಸ್ತಾನದಲ್ಲಿ ಹೂಳ್ತೀಯಾ?”

ಉನೈಸ್ ಪಿಕಪ್ಪಿನತ್ತ ಹಿಂದೆ ಸರಿದ.

“ಹಾಗಾದ್ರೆ ಬಾಯಿ ಮುಚ್ಚು ಮಾರಾಯ. ಅನಾಥ ಹೆಣ ಅಂತ ಪುರಸಭೆಗೆ ಕೊಡುವ.”

“ಅನಾಥ ಅಲ್ಲ,” ಎಂದಳು ಸುಕುರ್ಮಣಿ. “ನಾನು ಉಂಟು.”

ಪಿಕಪ್ಪನ್ನು ಕೋರೆಗೇ ತಿರುಗಿಸಲು ಅವಳು ಉನೈಸನಿಗೆ ಹೇಳಿದಳು. ಅಲ್ಲಿ ದುಡಿಯುತ್ತಿದ್ದ ಅವಳ ಊರ ಕಡೆಯ ಹದಿಮೂರು ಮಂದಿ ಕಲ್ಲು ಕಡಿಯುವ ಯಂತ್ರವನ್ನೆಳೆದು, ಎತವಾ ಸಮತಟ್ಟು ಮಾಡಿದ್ದ ನೆಲದಲ್ಲೇ ಆಳುದ್ದದ ಗುಂಡಿ ಕೊರೆದರು. ಅವನನ್ನಿಳಿಸಿ ಮಣ್ಣು ಮುಚ್ಚಿದರು. ಬಳಿಕ ಧಣಿಯ ಆಫೀಸಿಗೆ ಮೆಟ್ಟಿಲಾಗಿದ್ದ ಹಾಸುಗಲ್ಲನ್ನು ಹಾರೆಯಿಂದ ಎಬ್ಬಿಸಿ, ಹೊತ್ತು ತಂದು ಅವನ ಮೇಲಿಟ್ಟರು.

ಅಷ್ಟರಲ್ಲಿ ಧರ್ಣಪ್ಪ ಬಂದ.

“ಯಾರ ಜಾಗ ಅಂತ ಮಾಡಿದ್ದೀರಿ, ರಂಡೆ ಮಕ್ಕಳೇ?”

“ನಮ್ಮದು,” ಎಂದಳು ಸುಕುರ್ಮಣಿ. “ನಮ್ಮ ಊರಲ್ಲಿ ನೆಲದ ಹಕ್ಕು, ಪಟ್ಟೆ, ಕಾಗದದಲ್ಲಿ ಇಲ್ಲ ಧಣಿ. ಸತ್ತವರ ಮೇಲೆ ಕಲ್ಲು ಇಟ್ಟರೆ ಆ ನೆಲ ಅವರ ಜನದ್ದು.”

ಧರ್ಣಪ್ಪ ಉನೈಸನತ್ತ ತಿರುಗಿದ. “ಜೇಸಿಬಿ ತಾ. ಕಲ್ಲನ್ನೂ ಎಬ್ಬಿಸು, ಅವನನ್ನೂ ಎಬ್ಬಿಸು.”

ಉನೈಸ್ ತಂದ.

ಸುಕುರ್ಮಣಿ ಕಲ್ಲಿನ ಮೇಲೆ ಬೋರಲು ಮಲಗಿ ಅದರ ಎರಡೂ ಅಂಚುಗಳನ್ನು ಬಿಗಿಹಿಡಿದಳು. ಹದಿಮೂರು ಮಂದಿ ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕುಳಿತರು. ಬಕೆಟ್ಟಿನ ಹಲ್ಲುಗಳು ಅವಳ ಬೆನ್ನಿನಿಂದ ಒಂದು ಗೇಣು ಮೇಲೆ ನಿಂತು ನಡುಗುತ್ತಿದ್ದವು.

“ಇಳಿಸು,” ಎಂದ ಧರ್ಣಪ್ಪ.

ಇದನ್ನು ಕೇಳಿದ ಸರ್ವರಿಗೂ ಮಂಗಳವಾಗಲಿ. ಸತ್ತಾಗ ಹೊರಲು ನಾಲ್ವರೂ ಮಲಗಲು ಆರಡಿ ನೆಲವೂ ಅವರಿಗೆ ದೊರೆಯಲಿ.