ಕಲ್ಯಾಣದುರ್ಗದ ಸುದ್ದಿ

ಕಲ್ಯಾಣದುರ್ಗದಿಂದ ಯಾರಾದರೂ ಬಂದರೆ ಹಿಂದೂಪುರದ ಆದಿಲಕ್ಷ್ಮಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತಾಯಿ ಕದಿರಮ್ಮ ಹಿರಿಮಗಳಾದ ಇವಳನ್ನು ಬಿಟ್ಟು ಅಲ್ಲಿದ್ದ ಕಿರಿಮಗಳು ಸುವರ್ಣಮ್ಮನ ಮನೆ ಸೇರಿ ಆರೇಳು ವರ್ಷವಾಗಿತ್ತು. "ನಿಮ್ಮಮ್ಮ ಚೆನ್ನಾಗವ್ಳೆ ಕಣಮ್ಮ, ಮೊಮ್ಮಗಳಿಗೆ ಜಡೆ ಹಾಕ್ತಾ ಕೂತಿದ್ಲು" ಎಂದು ಬಂದವರು ಹೇಳಿದರೆ ಆದಿಲಕ್ಷ್ಮಿ ನಗುತ್ತಲೇ ಕಾಫಿ ಕೊಡುತ್ತಿದ್ದಳು. ಹೊಟ್ಟೆಯೊಳಗೆ ಕೆಂಡ ಸುರಿದಂತಾಗುತ್ತಿತ್ತು. ತನ್ನ ಮಗಳಿಗೂ ಜಡೆ ಇತ್ತಲ್ಲ!

ಮೊದಲು ನಿದ್ದೆ ಹೋಯಿತು. ಆಮೇಲೆ ಎದೆಯುರಿ, ತಲೆನೋವು. ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಮಗ್ಗದ ಪಕ್ಕ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಎದೆ ದಡದಡ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟು ವಾಲಿಬಿಟ್ಟಳು. ಗಂಡ ವೆಂಕಟೇಶಪ್ಪ ನೇಯುವುದನ್ನು ಬಿಟ್ಟು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ತೋಳಿಗೆ ಪಟ್ಟಿ ಬಿಗಿದು ನೋಡಿದರು. "ಈ ವಯಸ್ಸಿಗೇ ಇಷ್ಟು ಬಿ.ಪಿ.! ಏಮ್ಮಾ, ಏಮಿ ಕಷ್ಟಂ ನೀಕು? ಏನಮ್ಮ ಅಂಥ ಕಷ್ಟ ನಿಂಗೆ? ವರ್ಷಗಟ್ಟಲೆ ಒಳಗೇ ಕುದೀತಿದ್ರೆ ಎದೆ, ಹೊಟ್ಟೆ ಎಲ್ಲಾ ಕೆಡುತ್ತೆ. ಮಾತ್ರೆ ನಾನು ಕೊಡ್ತೀನಿ, ಕೊರಗು ನೀನು ಬಿಡಬೇಕು."

"ಏನೂ ಇಲ್ಲ ಮೇಡಮ್" ಎಂದಳು ಆದಿಲಕ್ಷ್ಮಿ. ಒಡಹುಟ್ಟಿದ ತಂಗಿಯ ಮೇಲೆ ಹೊಟ್ಟೆಕಿಚ್ಚು ಎಂದು ಯಾವ ಬಾಯಲ್ಲಿ ಹೇಳುವುದು?

ಸುದ್ದಿ ತಿಳಿದು ಕದಿರಮ್ಮನೇ ಬಸ್ಸು ಹತ್ತಿ ಬಂದಳು. ಕಾಲು ತೊಳೆದು ಕೂತವಳೇ, "ಸುವರ್ಣ ನಿಂಗೇ ಅಂತ ಕಡ್ಲೆಕಾಯಿ ಉಂಡೆ ಕಟ್ಟವ್ಳೆ. ಪಾಪ, ಸುವರ್ಣ..." ಎಂದು ಶುರುಮಾಡಿದಳು.

"ಸುಮ್ಕಿರಮ್ಮ!" ಆದಿಲಕ್ಷ್ಮಿ ಕಿರುಚಿದಳು. "ಸುವರ್ಣ, ಸುವರ್ಣ! ನಾನೇನ್ ನಿನ್ ಹೊಟ್ಟೇಲಿ ಹುಟ್ಲಿಲ್ವಾ? ನನ್ನ ಯಾಕೆ ಬಿಟ್ಬುಟ್ಟೆ?"

ಒಳಗೆ ಮಗ್ಗದ ಸದ್ದು ನಿಂತಿತು.

"ನೀನು ಒಂದ್ಸಲನಾದ್ರೂ ಬಾ ಅಂದ್ಯಾ?" ಕದಿರಮ್ಮ ತಿರುಗಿ ಕೇಳಿದಳು. "ನಿಮ್ಮಪ್ಪನ ತಿಥಿ ದಿನ ಅವ್ಳು ಬಾ ಅಂತ ನನ್ನ ಕೈ ಹಿಡ್ದು ಎಳ್ದ್ಲು. ನೀನು ಗೋಡೆಗೆ ಒರಗಿ ನಿಂತಿದ್ದೆ. ನಾನು ನಿಂಗೆ ಭಾರ ಅಂದ್ಕೊಂಡೆ."

"ಕರೀದಿದ್ರೆ ಬರಬಾರ್ದಾ?"

"ಬರಬೋದಿತ್ತು" ಎಂದಳು ಮುದುಕಿ.

ಅಂದು ಸಂಜೆಯವರೆಗೂ ಇಬ್ಬರೂ ಜಗಳವಾಡಿದರು, ಅತ್ತರು, ಮತ್ತೆ ಜಗಳವಾಡಿದರು. ಆ ರಾತ್ರಿ ಆದಿಲಕ್ಷ್ಮಿ ಬೆಳಗಾಗುವವರೆಗೆ ಮೈಮರೆತು ಮಲಗಿದಳು. ಬಿ.ಪಿ. ಸ್ವಲ್ಪ ಇಳಿಯಿತು. ಮಾತ್ರೆ ಮಾತ್ರ ನಿಲ್ಲಲಿಲ್ಲ. ವರ್ಷಗಳಿಂದ ಆದ ಪೆಟ್ಟು ಅಷ್ಟು ಬೇಗ ಹೋಗುವುದಿಲ್ಲ ಎಂದರು ಡಾಕ್ಟರಮ್ಮ.

ತಿಂಗಳಾದ ಮೇಲೆ ಕದಿರಮ್ಮ ಕಲ್ಯಾಣದುರ್ಗಕ್ಕೆ ಹೊರಡಲು ಚೀಲ ಕಟ್ಟಿದಳು. ಆದಿಲಕ್ಷ್ಮಿಯ ಎದೆ ಮತ್ತೆ ದಡದಡ ಅಂದಿತು. ಈ ಸಲ ಅವಳು ನುಂಗಿಕೊಳ್ಳಲಿಲ್ಲ.

"ಇನ್ನೂ ಹದಿನೈದು ದಿನ ಇರಮ್ಮ. ಅವ್ಳಿಗೂ ವಸಿ ಹೊಟ್ಟೆ ಉರೀಲಿ."

ಕದಿರಮ್ಮ ನಗುತ್ತಾ ಚೀಲದ ಗಂಟು ಬಿಚ್ಚಿದಳು.