ದೊಡ್ಡ ವಿಮಾನದ ರೇಟು

“ಏಯ್ ಚನಿಯ, ಬೇವರ್ಸಿ! ಚಪ್ಪರದೊಳಗೆ ಎಂತ ಕೆಲಸ ನಿಂಗೆ? ಹೊರಗೆ ನಿಲ್ಲು!”

ಧಣಿಗಳು ಗದರಿದರು. ಆ ಚಪ್ಪರ ಹಾಕಿದ್ದೇ ನಾವು. ಕಂಬ ಹೂತವನು ಚನಿಯಣ್ಣ, ಸೋಗೆ ಹೊತ್ತವನು ಕುಂಞ ಎಂಬ ನಾನು. ಅದಕ್ಕೆ ಕೂಲಿ ಕೇಳುವ ಹಾಗಿಲ್ಲ. ಸೀತಾಂಗೋಳಿಯ ಸುಕುಮಾರ ಧಣಿಗಳಿಗೆ ರಾಜ್ಯದ ಗಡಿಯಾಚೆಯ ವಿಮಾನ ನಿಲ್ದಾಣದಲ್ಲಿ ಲಗೇಜು ಹೇರಿ ಇಳಿಸುವ ಕಂಟ್ರಾಕ್ಟು. ನಾವು ಅವರ ಆಳುಗಳು. ನಿಲ್ದಾಣದೊಳಗೆ ಬಿಡುವ ನಮ್ಮ ಪಾಸನ್ನು ಬೆಳಿಗ್ಗೆ ಜೀಪು ಹೊರಡುವಾಗ ಕೊಡುತ್ತಾರೆ, ಸಂಜೆ ಕಿತ್ತುಕೊಳ್ಳುತ್ತಾರೆ. ಕೊಡದಿದ್ದರೆ ಅಂದು ಒಲೆ ಉರಿಯುವುದಿಲ್ಲ.

ಕೂಲಿ ವಿಮಾನದ ಲೆಕ್ಕದಲ್ಲಿ, ಒಂದಕ್ಕೆ ಇಷ್ಟು ಎಂದು. ಸಣ್ಣ ವಿಮಾನಗಳಿದ್ದಾಗ ಹೇಗೋ ನಡೆಯುತ್ತಿತ್ತು. ಈಗ ಗಲ್ಫಿನಿಂದ ದೊಡ್ಡವು ಬರುತ್ತವೆ. ಅವುಗಳ ಹೊಟ್ಟೆಯೊಳಗೆ, ಲಗೇಜು ತುಂಬುವಲ್ಲಿ, ನೆಟ್ಟಗೆ ನಿಲ್ಲಲಾಗುವುದಿಲ್ಲ, ಮಂಡಿಯೂರಿಯೇ ಪೆಟ್ಟಿಗೆ ಎಳೆಯಬೇಕು. ಚನಿಯಣ್ಣನ ಎರಡೂ ಮಂಡಿ ಬಾತುಹೋಗಿವೆ. ರೇಟು ಮಾತ್ರ ಹಳೆಯದೇ. ಇದು ಯಾವ ಸೀಮೆಯ ನ್ಯಾಯ?

ಅಂದು ಚಪ್ಪರ ಹಾಕಿಸಿದ್ದು ಧಣಿಗಳ ಮನೆಯ ಸತ್ಯನಾರಾಯಣ ಪೂಜೆಗೆ. ಮಗ ವಿಖ್ಯಾತ್ ಯಾವುದೋ ಸಣ್ಣ ವಿಮಾನ ಕಂಪೆನಿಯ ಪೈಲಟ್. ಕಂಪೆನಿ ದೊಡ್ಡ ವಿಮಾನ ತಂದಿತ್ತು, ಅವನ ಸಂಬಳ ಏರಿತ್ತು. ನಮ್ಮನ್ನು ದನದ ಹಟ್ಟಿಯ ಬದಿಯಲ್ಲಿ ಉಣ್ಣಲು ಕೂರಿಸಿದ್ದರು. ಧಣಿಗಳು ನೆಂಟರೆದುರು ಕೊಚ್ಚಿಕೊಳ್ಳುವುದು ಅಲ್ಲಿಗೂ ಕೇಳುತ್ತಿತ್ತು.

“ಹಳೇ ಸಂಬಳಕ್ಕೇ ಹಾರಿಸಿ ಅಂತ ಕಂಪೆನಿಯವರು. ಈ ಪೈಲಟ್‌ಗಳೆಲ್ಲ ಒಟ್ಟಾದ್ರು ನೋಡಿ, ರೇಟು ಆಗದೆ ವಿಮಾನ ಮುಟ್ಟುದೇ ಇಲ್ಲ ಅಂತ ಕೂತ್ರು. ಕಂಪೆನಿ ಬಗ್ಗಿತು ಮಾರಾಯ್ರೆ!”

“ಭಾರ ಹೆಚ್ಚು, ಜವಾಬ್ದಾರಿ ಹೆಚ್ಚು. ದುಡ್ಡೂ ಹೆಚ್ಚಾಗ್ಬೇಕಲ್ಲ,” ಎಂದ ವಿಖ್ಯಾತ್.

ಚನಿಯಣ್ಣ ಎಂಜಲು ಕೈಯಲ್ಲೇ ಎದ್ದು ಚಪ್ಪರದತ್ತ ಹೋದ. “ಧಣಿಗಳೇ, ಅಂಥದ್ದೇ ವಿಮಾನದ ಹೊಟ್ಟೆಯಲ್ಲಿ ನಾವೂ ಇರುದಲ್ವಾ? ಭಾರ ನಮಗೂ ಹೆಚ್ಚುಂಟು. ನಮ್ಮ ರೇಟು ಎಂತ?”

ಯಾರೋ ಕಿಸಕ್ಕೆಂದರು. ವಿಖ್ಯಾತ್ ಮೊಬೈಲಿಗೆ ತಲೆ ತಗ್ಗಿಸಿದ. ಧಣಿಗಳ ಮುಖ ಕೆಂಪಾಯಿತು.

“ಪೈಲಟ್ ಆಗ್ಲಿಕ್ಕೆ ಕಲಿತಿದ್ದೀಯಾ ಬೋಳಿಮಗನೆ? ಹೊರುವ ನಾಯಿಗೆ ರೇಟು ಬೇರೆ ಕೇಡು! ನಾಳೆ ಪಾಸು ಬೇಕಾದ್ರೆ ಕಾಲಿಗೆ ಬೀಳು. ಈಗ, ಇಲ್ಲೇ.”

ಚನಿಯಣ್ಣ ನನ್ನತ್ತ ನೋಡಿದ. ಆಮೇಲೆ ನಿಧಾನಕ್ಕೆ ಬಗ್ಗಿದ. ಬಿದ್ದವನಿಗೆ ಏಳಲಾಗಲಿಲ್ಲ. ನೆಂಟರು ಪಾಯಸ ಸುರಿಯುತ್ತಲೇ ನೋಡಿದರು. ನಾನು ಹೋಗಿ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ನನಗೆ ನಾಚಿಕೆಯಲ್ಲ, ಕೊಲ್ಲುವಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಉಳಿದೆಲ್ಲರ ಕೈಗೂ ಪಾಸು ಸಿಕ್ಕಿತು. ಚನಿಯಣ್ಣನದನ್ನು ಧಣಿಗಳು ನೆಲಕ್ಕೆಸೆದರು.

“ಹೆಕ್ಕು.”

“ಬಗ್ಗಿದ್ದು ನಿನ್ನೆಗೇ ಸಾಕಾಯ್ತು ಧಣಿ,” ಎಂದ ಅವನು. “ರೇಟು ಹೇಳಿ. ಮತ್ತೆ ಜೀಪು ಹತ್ತುವ.”

ನನ್ನ ಮನೆಯಲ್ಲಿ ಹೆಂಡತಿ ತುಂಗಾ ಬಸುರಿ, ಡಬ್ಬದಲ್ಲಿ ಅಕ್ಕಿಯಿಲ್ಲ. ಆದರೂ ನನ್ನ ಪಾಸನ್ನು ಅವನದರ ಪಕ್ಕದಲ್ಲಿಟ್ಟೆ. ಜೀಪಿನಲ್ಲಿ ಕೂತಿದ್ದವರು ಯಾರೂ ಇಳಿಯಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ.

“ನಿಮ್ಮ ಜಾಗಕ್ಕೆ ಬಂಗಾಳದವರು ಸಾಲಾಗಿ ನಿಂತಿದ್ದಾರೆ, ತಿಳೀತಾ? ಹೊನ್ನಯ್ಯ, ಗಾಡಿ ಬಿಡು!”

ಡ್ರೈವರ್ ಹೊನ್ನಯ್ಯ ತಲೆ ಕೆರೆದುಕೊಂಡ. “ಇವತ್ತು ದೊಡ್ಡದು ಬರುದು ಧಣಿ. ಇಷ್ಟು ಜನದಿಂದ ಆಗ್ಲಿಕ್ಕಿಲ್ಲ, ಹೊಸಬರಿಗೆ ಇವತ್ತೇ ಪಾಸೂ ಸಿಗ್ಲಿಕ್ಕಿಲ್ಲ.”

ಧಣಿಗಳು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. “ಹತ್ತಿ ಸಾಯಿರಿ. ರೇಟಿನ ವಿಷಯ ಮತ್ತೆ ನೋಡುವ.”

ನಾವು ಹತ್ತಲಿಲ್ಲ.

ಜೀಪು ಹೊಗೆ ಬಿಡುತ್ತ ನಿಂತಲ್ಲೇ ಗುರುಗುಟ್ಟುತ್ತಿತ್ತು. ಬಿಸಿಲು ಏರತೊಡಗಿತು. ನಾನು ಅಂಗಳದ ಮಣ್ಣಿನಲ್ಲೇ ಕುಕ್ಕರಿಸಿದೆ. ಚನಿಯಣ್ಣ ಮಾತ್ರ ಕೂರಲಿಲ್ಲ. ಕೂತರೆ ಏಳುವುದಕ್ಕೆ ಯಾರದಾದರೂ ಕೈ ಬೇಕಾಗುತ್ತಿತ್ತು.