ಹೊರಸಿನ ಕೆಳಗಿನ ಕಾವು

ಕುರಿಯ ವಿಷಯದಲ್ಲಿ ಮಾಳಸಿದ್ದನನ್ನು ಮೀರಿಸುವವರು ಕರೋಶಿಯಲ್ಲಿ ಯಾರೂ ಇರಲಿಲ್ಲ. ಕೆಟ್ಟದ್ದೇನೆಂದರೆ, ಮೈಮೇಲೆ ಕೂದಲಿರಲಿ ಪುಕ್ಕವಿರಲಿ, ಸಾಕಿದ್ದೆಲ್ಲ ಅವನಿಗೆ ಕುರಿಯೇ. ಮೊಳಕಾಲು ಸೋತ ಮೇಲೆ ಹಿಂಡನ್ನು ಮಗ ಹಾಲೇಶನಿಗೆ ಒಪ್ಪಿಸಿ ಮನೆ ಹಿಡಿದಿದ್ದ. ಹಾಲೇಶ ಕುರಿ ಹೊಡೆದುಕೊಂಡು ಅಥಣಿ ಕಡೆ ಹೋಗಿದ್ದ. ಮನೆಯಲ್ಲಿದ್ದವರು ಮಾಳಸಿದ್ದ, ಸೊಸೆ ಉಜ್ವಲಾ, ಲಕ್ವಾ ಹೊಡೆದು ಹೊರಸಿನಲ್ಲೇ ಮಲಗಿದ್ದ ಹೆಂಡತಿ ತಾರವ್ವ.

ಆ ಹೊರಸಿನ ಕೆಳಗೆ, ಬುಟ್ಟಿಯಲ್ಲಿ, ತಾರವ್ವನ ಕೆಂಪು ಕೋಳಿ ತತ್ತಿಗಳ ಮೇಲೆ ಕಾವಿಗೆ ಕೂತಿತ್ತು. ಬಲಗೈ ಬಲಗಾಲು ಬಿದ್ದುಹೋದವಳ ಜೀವವೆಲ್ಲ ಆ ಬುಟ್ಟಿಯಲ್ಲಿತ್ತು.

“ಮರಿ ಹೊರಗ ಬರ್ಲಿ, ನಾನೂ ಎದ್ದ ಕುಂದರ್ತೀನ್ರಿ,” ಎಂದು ತೊದಲುತ್ತಿದ್ದಳು.

ಯಾವ ದೇವರೂ ಹಾಗೆ ಮಾತು ಕೊಟ್ಟಿರಲಿಲ್ಲ. ಆದರೂ ಆ ನಂಬಿಕೆಯಿಂದಲೇ ಅವಳು ಹೊತ್ತು ಹೊತ್ತಿಗೆ ಗಂಜಿ ಕುಡಿಯುತ್ತಿದ್ದಳು.

ಅಷ್ಟರಲ್ಲಿ ಕೋಳಿಗೆ ಹೇನು ಹತ್ತಿತು. ರೆಕ್ಕೆ ಬಿಡಿಸಿದರೆ ಪುಕ್ಕದ ಬುಡದಲ್ಲೆಲ್ಲ ಹೇನು, ಬುಟ್ಟಿಯ ಸಂದುಗಳಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹುಳ. ಆ ಹುಳಗಳು ಹೊರಸಿಗೂ ಏರಿದವು. ತಾರವ್ವ ಎಡಗೈಯಿಂದ ಕೆರೆದುಕೊಂಡು ಕುತ್ತಿಗೆ ಗಾಯ ಮಾಡಿಕೊಂಡಳು. ಕೋಳಿಯನ್ನು ಹೊರಗೆ ಹಾಕೋಣವೆಂದರೆ ಮಾತ್ರ ಕಣ್ಣೀರು ಹಾಕುತ್ತಿದ್ದಳು.

“ಮಾವಾರ, ಚಿಕ್ಕೋಡಿಗಿ ಹೋಗಿ ದನದ ಡಾಕ್ಟರನ್ನ ಕೇಳ್ರಿ. ಕೋಳಿಗೆ ಬ್ಯಾರೆ ಪುಡಿ ಇರತೈತಂತ,” ಎಂದಳು ಉಜ್ವಲಾ.

“ಇಡೀ ಹಿಂಡ ತೊಳದ ಕೈ ಐತಿ ಇದು. ಒಂದ ಕೋಳಿ ಏನ್ ಹೆಚ್ಚ?” ಎಂದ ಮಾಳಸಿದ್ದ.

ಅರ್ಧ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ. ತತ್ತಿಗಳನ್ನು ಕಂಬಳಿಯಲ್ಲಿ ಸುತ್ತಿಟ್ಟು, ಹಳೆಯ ಹುಲ್ಲು ಸುಟ್ಟ. ಬುಟ್ಟಿಗೂ ಹೊರಸಿನ ಕಾಲಿಗೂ ಕುದಿಯುವ ನೀರು ಸುರಿದ. ಹಿತ್ತಲ ಗೂಡಿಗೆ ಸುಣ್ಣ ಬಳಿದ. ಆಮೇಲೆ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದ ಕುರಿಯ ಉಣ್ಣೆಹುಳದ ಔಷಧ ತೆಗೆದ. ಕುರಿಗೆ ಹಾಕುವ ಅಂದಾಜಿನಲ್ಲೇ ಬಕೆಟ್ಟಿಗೆ ಸುರಿದು, ಕೋಳಿಯನ್ನು ಕುತ್ತಿಗೆವರೆಗೂ ಅದ್ದಿ ತೆಗೆದ.

ಕುರಿಯನ್ನಾದರೆ ತೊಳೆದ ಮೇಲೆ ಮೈ ಒಣಗುವ ತನಕ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದ. ಇಲ್ಲಿ ತತ್ತಿ ತಣ್ಣಗಾಗುತ್ತವೆಂಬ ಅವಸರ. ನೀರು ತೊಟ್ಟಿಕ್ಕುತ್ತಿದ್ದ ಕೋಳಿಯನ್ನು ಹಾಗೆಯೇ ತತ್ತಿಗಳ ಮೇಲೆ ಕೂರಿಸಿದ. ಅಯ್ಯೋ ಪುಣ್ಯಾತ್ಮ, ಆ ಒಂದು ಗಳಿಗೆ ಕೈ ತಡೆಯಬಾರದಿತ್ತೇ!

ಹೇನು ಸತ್ತವು, ಕೋಳಿ ಹೇಗೋ ಉಳಿಯಿತು. ತಾರವ್ವನ ತುರಿಕೆಯೂ ನಿಂತಿತು. ಮಾಳಸಿದ್ದ ಮೀಸೆ ತಿರುವಿಕೊಂಡು ಓಡಾಡಿದ.

ತತ್ತಿ ಒಡೆದು ಮರಿ ಬರುವ ಹೊತ್ತು ಬಂತು. ಒಂದೂ ಒಡೆಯಲಿಲ್ಲ. ಜೀವವಿರುವ ತತ್ತಿಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟರೆ ತಾನೇ ಅಲುಗಾಡುತ್ತದೆ. ಊರ ಹೆಂಗಸರು ನೋಡುವುದು ಹಾಗೆ. ಉಜ್ವಲಾ ಅಂಗಳದಲ್ಲಿ ಪರಾತದಲ್ಲಿ ನೀರಿಟ್ಟು ತತ್ತಿ ಬಿಟ್ಟಳು. ಮಾಳಸಿದ್ದನೂ ಬಗ್ಗಿ ನೋಡಿದ. ಯಾವುದೂ ಅಲುಗಲಿಲ್ಲ. ಅವಳು ಒಂದನ್ನೆತ್ತಿ ಮೂಸಿದಳು.

“ಔಷಧದ ವಾಸನಿ ಬಡದೈತಿ, ಮಾವಾರ. ಹಸಿ ಮೈಲೇ ಕುಂದರ್ಸಿದ್ರಲ್ಲ... ಎಲ್ಲಾ ಒಳಗ ಇಳದೈತಿ.”

ಮಾಳಸಿದ್ದ ತನ್ನ ಕೈಗಳನ್ನೇ ನೋಡುತ್ತ ಕೂತ. ಸತ್ತ ಕುರಿಮರಿಗಳನ್ನು ಹೂಳಿದಾಗಲೂ ಅವನಿಗೆ ತನ್ನ ಮೇಲೆ ಇಷ್ಟು ಹೇಸಿಗೆಯಾಗಿರಲಿಲ್ಲ. ಅತ್ತೆಗೆ ತಿಳಿಯದಿರಲೆಂದು ಉಜ್ವಲಾ ತತ್ತಿಗಳನ್ನು ಒರೆಸಿ ಮತ್ತೆ ಬುಟ್ಟಿಗಿಟ್ಟಳು. ಒಂದನ್ನು ಹಿಡಿದುಕೊಂಡು ಅವನೂ ಒಳಗೆ ಬಂದ.

“ಏನ್ರೀ, ಕೇಳಸ್ತೈತೇನ್ರಿ ಒಳಗ?” ತಾರವ್ವ ಹೊರಸಿನಿಂದ ಕೇಳಿದಳು.

ಅವನು ತತ್ತಿಯನ್ನು ಕಿವಿಗೆ ಹಿಡಿದ.

“ಹೂಂ. ಚಿಂವ್ ಚಿಂವ್ ಅನ್ನಾಕತ್ತೈತಿ.”

“ನನ್ನ ಕಿವಿಗೂ ಹಿಡೀರಿ.”

ಹಿಡಿಯದೆ ಬೇರೆ ದಾರಿಯಿರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಚಿಕ್ಕಂದಿನಿಂದ ಕೋಳಿ ಕೂರಿಸಿ ಮರಿ ಮಾಡಿದವಳು ಅವಳು. ಬಹಳ ಹೊತ್ತು ಕೇಳಿದಳು. ಕಣ್ಣು ತೆರೆದಾಗ ನೋಡಿದ್ದು ತತ್ತಿಯನ್ನಲ್ಲ, ಗಂಡನ ಮುಖವನ್ನು. ಅವನು ಬುಟ್ಟಿಯ ಕಡೆ ನೋಡಿದ.

“ಹೌದ್ರಿ. ಕೇಳಸ್ತು,” ಎಂದಳು ಮೆಲ್ಲಗೆ. ಎಡಗೈಯಿಂದ ಅವನ ಮುಂಗೈ ಸವರಿ, ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊರಸಿನ ಕೆಳಗೆ ಕೋಳಿ ತಣ್ಣಗಿನ ತತ್ತಿಗಳನ್ನು ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಿತ್ತು. ಸಂಜೆ ಉಜ್ವಲಾ ಗಂಜಿ ತಂದಳು. ತಾರವ್ವ ಬಾಯಿ ತೆರೆಯಲಿಲ್ಲ.